ಯುಸ್ಟೀನಾಳ ಹೆಸರಿನಲ್ಲಿ

ಹಾರ್ಲನ್ ಕ್ರೀಕ್, ಪೆನ್ಸಿಲ್ವೇನಿಯಾ
೧೫ ನವೆಂಬರ್ ೧೯೦೬, ಗುರುವಾರ

ನನ್ನ ಪೌಲೀನಾ,

ನಿನ್ನ ಮೂರು ಪತ್ರಗಳಿಗೂ ಉತ್ತರ ಬರೆಯದ ಅಮ್ಮನ ಆಶೀರ್ವಾದಗಳು. ನೀನು ಚೆನ್ನಾಗಿದ್ದೀಯೆ ಎಂದುಕೊಂಡಿದ್ದೇನೆ. ಫಿಲಡೆಲ್ಫಿಯಾದಲ್ಲಿ ಚಳಿ ಇಲ್ಲಿಯಷ್ಟು ಇರಲಾರದು. ನಾನೂ ಎತೆಲಾಳೂ ಆರೋಗ್ಯವಾಗಿದ್ದೇವೆ.

ಇಷ್ಟು ಬರೆದು ಅರ್ಧ ಗಂಟೆ ಸುಮ್ಮನೆ ಕುಳಿತಿದ್ದೆ. ಆರೋಗ್ಯವಾಗಿದ್ದೇವೆ ಎನ್ನುವುದೊಂದು ನಿಜ. ಉಳಿದದ್ದನ್ನು ಎಲ್ಲಿಂದ ಶುರು ಮಾಡಲಿ? ನಿನ್ನೆಯ ವಿಚಾರಣೆಯ ಸುದ್ದಿ ನಿಮ್ಮ ಕಚೇರಿಗೆ ತಂತಿಯಲ್ಲಿ ಬಂದೇ ಇರುತ್ತದೆ. ತಂತಿಯಲ್ಲಿ ಹತ್ತು ಮಾತಿಗಿಂತ ಹೆಚ್ಚು ಹಿಡಿಸುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಕೊನೆಯ ಪತ್ರ ಸೆಪ್ಟೆಂಬರಿನಲ್ಲಿ ಬಂತು. ಮಕ್ಕಳನ್ನು ಕಾರ್ಖಾನೆಗಳಿಂದ ಬಿಡಿಸಲು ಹೊರಟ ನಿಮ್ಮ ಸಮಿತಿಯಲ್ಲಿ ಕೆಲಸಗಾರರ ಪಟ್ಟಿಗಳನ್ನು ನಕಲು ಮಾಡುತ್ತಿದ್ದಾಗ, ನಮ್ಮೂರ ರೇಷ್ಮೆ ಗಿರಣಿಯ ಹಾಳೆಯಲ್ಲಿ ‘ಯುಸ್ಟೀನಾ ಹ್ರಿವ್ನಾಕ್, ವಯಸ್ಸು ಹದಿನಾಲ್ಕು’ ಎಂಬ ಹೆಸರು ಕಂಡೆ ಎಂದು ಬರೆದಿದ್ದೆ. “ಇದು ಬೇರೆ ಯಾರೋ ಯುಸ್ಟೀನಾ ಅಂತ ಒಂದು ಸಾಲು ಬರೆದು ಹಾಕಮ್ಮಾ, ಸಾಕು” ಎಂದು ಕೇಳಿದ್ದೆ. ನಾನು ಆ ಸಾಲು ಬರೆಯಲಿಲ್ಲ. ನಮ್ಮ ಯುಸ್ಟೀನಾ ಗಂಟಲು ಬೇನೆಯಿಂದ ತೀರಿಕೊಂಡಾಗ ಅವಳಿಗೆ ಆರು ವರ್ಷ. ನಿನ್ನ ಹಸಿರು ರಿಬ್ಬನ್ನು ಬಿಚ್ಚಿ ಅವಳ ಪೆಟ್ಟಿಗೆಯೊಳಗೆ ಇಟ್ಟವಳು ನೀನೇ. ನಿನಗೆ ನಾನು ಏನೆಂದು ಸುಳ್ಳು ಬರೆಯಲಿ?

ಅದು ನಿನ್ನ ತಂಗಿ ಎತೆಲಾ. ಹತ್ತು ವರ್ಷದವಳು.

ಏಪ್ರಿಲಿನಲ್ಲಿ ನಾನೇ ಅವಳನ್ನು ಗಿರಣಿಗೆ ಕರೆದುಕೊಂಡು ಹೋದೆ. ಹದಿನಾಲ್ಕು ತುಂಬದವರನ್ನು ಗಿರಣಿಗೆ ಸೇರಿಸಿಕೊಳ್ಳುವ ಹಾಗಿಲ್ಲ. ಬದುಕಿದ್ದರೆ ಯುಸ್ಟೀನಾಳಿಗೆ ಮಾರ್ಚಿಗೆ ಹದಿನಾಲ್ಕು ತುಂಬುತ್ತಿತ್ತು. ಅವಳ ದೀಕ್ಷಾಸ್ನಾನದ ಪತ್ರ ನನ್ನ ಪ್ರಾರ್ಥನೆ ಪುಸ್ತಕದಲ್ಲಿ ಮಡಿಸಿಟ್ಟದ್ದು ಹಾಗೇ ಇತ್ತು. ಬೇರೆ ದಾರಿಯೇ ಇರಲಿಲ್ಲ ಎಂದು ಬರೆಯಲು ಹೊರಟೆ. ಅದೂ ಪೂರ್ತಿ ನಿಜವಲ್ಲ. ನಿಮ್ಮಪ್ಪ ಗಣಿಯಲ್ಲಿ ತೀರಿಹೋದಮೇಲೆ ಇಬ್ಬರು ಬಾಡಿಗೆಯವರಿಗೆ ಅಡುಗೆ ಮಾಡಿ, ಊರವರ ಬಟ್ಟೆ ಒಗೆದು ಎರಡು ವರ್ಷ ನಡೆಸಿದೆ. ಚಳಿಗಾಲದಲ್ಲಿ ಕೈಗಳು ಒಡೆದು ಹುಣ್ಣಾದವು. ಪಾದ್ರಿಗಳನ್ನು ಕೇಳಿದ್ದರೆ ಏನಾದರೂ ಮಾಡುತ್ತಿದ್ದರೋ ಏನೋ. ನಾನು ಕೇಳಲಿಲ್ಲ. ಈ ಬೀದಿಯಲ್ಲಿ ಎಲ್ಲರ ಮನೆಯ ಮಕ್ಕಳೂ ಸೀಟಿ ಕೂಗುತ್ತಲೇ ಊಟದ ಡಬ್ಬಿ ಹಿಡಿದು ಹೋಗುತ್ತಿದ್ದವು. ನನ್ನ ಮಗಳೂ ಹೋದಳು.

ಇವಳೇ ಯುಸ್ಟೀನಾ ಎಂದು ನನ್ನಿಂದ ಪ್ರಮಾಣ ಮಾಡಿಸಿದ ಗುಮಾಸ್ತ ತಲೆಯೆತ್ತಲಿಲ್ಲ. ಮಗು ನನ್ನ ಪಕ್ಕದಲ್ಲೇ ನಿಂತಿತ್ತು, ಅವಳ ಗಲ್ಲ ಮೇಜಿನ ಅಂಚಿಗೆ ಬರುತ್ತಿತ್ತು. ಮೇಲ್ವಿಚಾರಕ ಕ್ರೋವೆಲ್ ಮಾತ್ರ ಅವಳನ್ನು ಮೇಲಿಂದ ಕೆಳಗೆ ನೋಡಿ ನಕ್ಕ. “ನಿಮ್ಮ ದೇಶದೋರು ಸ್ವಲ್ಪ ಕುಳ್ಳಗೇ ಬೆಳೀತೀರಿ, ಅಲ್ವಾ?” ಎಂದ. ನಾನೂ ನಕ್ಕೆ, ಪೌಲೀನಾ. ಅದನ್ನೂ ನೀನು ತಿಳಿದಿರಬೇಕು.

ಕೆಲಸ ನಿನಗೆ ಗೊತ್ತಿರುವುದೇ. ತಿರುಗುವ ಕದಿರುಗಳ ಸಾಲಿನುದ್ದಕ್ಕೂ ಓಡಾಡಿ ಕಡಿದ ಎಳೆ ಹುಡುಕಿ ಗಂಟು ಹಾಕುವುದು. ಕೈ ಎಟುಕುವುದಿಲ್ಲವೆಂದು ಅವಳಿಗೆ ಒಂದು ಮರದ ಪೆಟ್ಟಿಗೆ ಕೊಟ್ಟಿದ್ದರು. ಬೇಗ ಕಲಿತಳು. ಹೆಸರನ್ನಂತೂ ಇನ್ನೂ ಬೇಗ ಕಲಿತಳು. ಆಗಸ್ಟಿನ ಒಂದು ಭಾನುವಾರ ಚರ್ಚಿನ ಅಂಗಳದಲ್ಲಿ ಆಡುತ್ತಿದ್ದವಳನ್ನು “ಎತೆಲಾ, ಬಾರೇ” ಎಂದು ಕೂಗಿದೆ. ತಿರುಗಲಿಲ್ಲ. ಎರಡನೇ ಸಲವೂ ತಿರುಗಲಿಲ್ಲ. “ಯುಸ್ಟೀನಾ” ಎಂದೆ, ಓಡಿ ಬಂದಳು. ಆ ದಿನವೇ ನಿಲ್ಲಿಸಬೇಕಿತ್ತು. ಸೋಮವಾರ ಬೆಳಿಗ್ಗೆ ಎಂದಿನಂತೆ ಡಬ್ಬಿ ಕಟ್ಟಿಕೊಟ್ಟೆ.

ವಿಚಾರಣೆ ನಡೆಯುತ್ತದೆ, ರಾಜ್ಯದಿಂದ ಮೂವರು ಬರುತ್ತಾರೆ, ನಿಮ್ಮ ಸಮಿತಿಯ ವಕೀಲರು ಮಕ್ಕಳನ್ನೇ ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ ಎಂದು ಊರಿಗೆ ತಿಳಿದದ್ದು ಕಳೆದ ವಾರ. ಸೋಮವಾರ ಮಧ್ಯಾಹ್ನ ನಾನು ಬಟ್ಟೆ ಹಿಂಡುತ್ತಿದ್ದಾಗ ಕ್ರೋವೆಲ್ ಮನೆಗೇ ಬಂದ. ಟೋಪಿ ತೆಗೆಯದೆ ನಿಮ್ಮಪ್ಪನ ಕುರ್ಚಿಯಲ್ಲಿ ಕೂತ.

“ನೋಡಮ್ಮಾ ಜುಜಾನಾ, ನಿನ್ನ ಮಗಳನ್ನ ಕರೆದಿದಾರೆ. ಕಾಗದ ಸರಿಯಾಗಿದೆ. ಕಾಗದದಲ್ಲಿ ರುಜು ಯಾರದು?” ಎಂದ.

“ನಂದು” ಎಂದೆ.

“ನಿಂದು. ನಂದಲ್ಲ, ಗಿರಣೀದೂ ಅಲ್ಲ. ಸುಳ್ಳು ಅಂತಾದ್ರೆ ಒಳಗೆ ಹೋಗೋಳು ನೀನು. ಮಗು ಅನಾಥಾಶ್ರಮಕ್ಕೆ. ಹದಿನೆಂಟು ತುಂಬೋವರೆಗೂ ಬಿಡಲ್ಲ ಅವರು.” ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, “ನಿನ್ನ ದೊಡ್ಡ ಮಗಳು ಅಲ್ಲಿ ದೊಡ್ಡ ಮನುಷ್ಯರ ಜೊತೆ ಸೇರ್ಕೊಂಡಿದಾಳಂತೆ? ನಿನ್ನನ್ನ ನೋಡ್ಕೊಳ್ಳೋಕೆ ಅವಳು ಬರ್ತಾಳಾ?” ಎಂದ.

ಮಂಗಳವಾರ ಎತೆಲಾಳನ್ನು ಕಚೇರಿಗೆ ಕರೆಸಿಕೊಂಡು ಒಂದು ಕಿತ್ತಳೆ ಕೊಟ್ಟನಂತೆ. ಮನೆಗೆ ತಂದು ನನಗೆ ಅರ್ಧ ಕೊಟ್ಟಳು. ಯಾಕೆ ಕರೆದಿದ್ದ ಎಂದು ನಾನು ಕೇಳಲಿಲ್ಲ. ಕೇಳಿದರೆ ಹೇಳುತ್ತಿದ್ದಳು.

ನಿನ್ನೆ ಶಾಲೆಯ ದೊಡ್ಡ ಕೋಣೆ ತುಂಬಿಹೋಗಿತ್ತು. ಮುಂದಿನ ಬೆಂಚುಗಳಲ್ಲಿ ಗಿರಣಿಯವರು, ಹಿಂದೆ ನಮ್ಮವರು. ನನ್ನ ಪಕ್ಕದಲ್ಲಿ ಎದುರುಮನೆ ಬೋರ್ಕಾ ಕೂತಿದ್ದಳು. ಅವಳ ಇಬ್ಬರೂ ಮಕ್ಕಳು ಗಿರಣಿಯಲ್ಲಿದ್ದಾರೆ. “ನಿನ್ನ ಹುಡುಗಿ ಗಟ್ಟಿ ಕಣೇ, ಹೆದರಬೇಡ” ಎಂದು ನನ್ನ ತೊಡೆ ಚಿವುಟಿದಳು. ಎತೆಲಾಳ ಕೈಗೆ ಬೈಬಲ್ ಕೊಟ್ಟರು. ಎರಡೂ ಕೈಯಲ್ಲಿ ಹಿಡಿದುಕೊಂಡಳು. ನನ್ನದೇ ಹಳೇ ಕುಪ್ಪಸವನ್ನು ಒಳಗೆ ಮಡಿಸಿ ಹೊಲಿದು ಹಾಕಿ ಕಳಿಸಿದ್ದೆ, ದೊಡ್ಡವಳಂತೆ ಕಾಣಲಿ ಎಂದು.

“ನಿನ್ನ ಹೆಸರೇನು ಮಗೂ?”

“ಯುಸ್ಟೀನಾ ಹ್ರಿವ್ನಾಕ್, ಸರ್.”

“ಎಷ್ಟು ವರ್ಷ?”

“ಹದಿನಾಲ್ಕು ಸರ್.” ಮುಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

“ಓದೋಕೆ ಬರುತ್ತಾ?”

“ಇನ್ನೂ ಪುರುಸೊತ್ತು ಆಗಿಲ್ಲ ಸರ್.” ಈ ಸಲ ಎಲ್ಲರೂ ನಕ್ಕರು. ಅವಳೂ ನಕ್ಕಳು. ಒಳ್ಳೆಯ ಉತ್ತರ ಕೊಟ್ಟೆ ಎಂದುಕೊಂಡಳು, ಪಾಪ.

ವಕೀಲರು ನಗಲಿಲ್ಲ. ಅವರ ಕೈಯಲ್ಲಿ ಒಂದು ಚಿಕ್ಕ ಚೀಟಿ ಇತ್ತು, ಅದನ್ನು ನೋಡಿಕೊಂಡರು. “ನಿಮ್ಮ ಮನೇಲಿ ಮಕ್ಕಳು ಯಾರಾದರೂ ತೀರಿಕೊಂಡಿದ್ದಾರಾ?” ಎಂದು ಕೇಳಿದರು.

ಅವಳು ಕ್ರೋವೆಲ್ ಕಡೆ ನೋಡಿದಳು. “ಹೂಂ ಸರ್. ನನ್ನ ತಂಗಿ.”

“ಅವಳ ಹೆಸರು?”

“ಎತೆಲಾ. ಗಂಟಲು ಬೇನೆ ಬಂದು ಸತ್ತೋದ್ಲು ಸರ್. ಬೆಟ್ಟದ ಮೇಲೆ ಇಟ್ಟಿದೀವಿ. ಅಮ್ಮ ಭಾನುವಾರ ಭಾನುವಾರ ಹೋಗ್ತಾಳೆ.”

ಪೌಲೀನಾ, ದೇವರ ಪುಸ್ತಕ ಹಿಡಿದುಕೊಂಡು, ಬಾಯಿಪಾಠ ಒಪ್ಪಿಸುವ ಹಾಗೆ ಒಪ್ಪಿಸಿದಳು. ಒಂದು ಮಗುವನ್ನು ನಾನು ಮಣ್ಣಿಗೆ ಕೊಟ್ಟಿದ್ದೇನೆ. ಇನ್ನೊಂದು ಮಗು ನನ್ನ ಕಣ್ಣೆದುರಿಗೇ ನಿಂತು ತನ್ನನ್ನು ತಾನೇ ಹೂಳುತ್ತಿತ್ತು. ನಾನು ಯಾವಾಗ ಎದ್ದು ನಿಂತೆನೋ ನೆನಪಿಲ್ಲ. ಬೋರ್ಕಾ ನನ್ನ ಲಂಗ ಹಿಡಿದು ಎಳೆದದ್ದು ನೆನಪಿದೆ. ಇಂಗ್ಲಿಷೆಲ್ಲ ಮರೆತುಹೋಗಿ ನಮ್ಮ ಮಾತಿನಲ್ಲೇ ಕೂಗಿದೆ: “ಎತೆಲಾ ಸತ್ತಿಲ್ಲ! ಅವಳೇ ಎತೆಲಾ! ಸತ್ತೋಳು ಯುಸ್ಟೀನಾ. ಸುಳ್ಳು ಪ್ರಮಾಣ ಮಾಡಿದೋಳು ನಾನು!”

ಹಿಂದಿನ ಬೆಂಚುಗಳು ಗಪ್ಪಾದವು. ಮುಂದಿನವರಿಗೆ ಏನೂ ಅರ್ಥವಾಗಲಿಲ್ಲ. ರಾಜ್ಯದಿಂದ ಬಂದ ಮೂವರ ನಡುವೆ ಕೂತಿದ್ದ ಬಿಳಿಗಡ್ಡದ ನ್ಯಾಯಾಧೀಶರು ದುಭಾಷಿಯ ಕಡೆ ತಿರುಗಿದರು. ಅವನು ಗಿರಣಿಯ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಗಂಟಲು ಸರಿಮಾಡಿಕೊಂಡನೇ ಹೊರತು ಬಾಯಿ ಬಿಡಲಿಲ್ಲ. ಆಗ ನ್ಯಾಯಾಧೀಶರು ಮಗುವನ್ನೇ ಕೇಳಿದರು, ನಿನ್ನ ಅಮ್ಮ ಏನು ಹೇಳಿದರು ಎಂದು.

ಅವಳು ನನ್ನನ್ನು ನೋಡಿದಳು. “ಅಮ್ಮ ಏನಂತಾಳೆ ಅಂದ್ರೆ… ಎತೆಲಾ ಸತ್ತಿಲ್ವಂತೆ ಸರ್. ನಾನೇ ಅಂತೆ.”

ಈ ಮಾತಿಗೆ ಯಾರೂ ನಗಲಿಲ್ಲ.

ನ್ಯಾಯಾಧೀಶರು ನನ್ನನ್ನು ಮುಂದೆ ಕರೆದು, ಸುಳ್ಳು ಪ್ರಮಾಣ ಒಪ್ಪಿಕೊಂಡರೆ ಜೈಲಾಗಬಹುದು, ಗೊತ್ತಿದೆಯೇ ಎಂದರು. ಅದನ್ನೂ ಅವಳೇ ಹೇಳಬೇಕಾಯಿತು. ಅರ್ಧ ಹೇಳಿ ನಿಂತಳು. ಮೆಲ್ಲಗೆ, “ಅಮ್ಮಾ, ಇಲ್ಲ ಅಂದ್ಬಿಡು. ಇನ್ನೂ ಟೈಮಿದೆ, ಇಲ್ಲ ಅಂದ್ಬಿಡಮ್ಮಾ” ಎಂದಳು. “ಗೊತ್ತಿದೆ ಅಂತ ಹೇಳು” ಎಂದೆ. ಹೇಳಿದಳು. ಆಮೇಲೆ ಅಳತೊಡಗಿದಳು.

ಕ್ರೋವೆಲ್ ಎದ್ದು, ಈ ಹೆಂಗಸು ಗಿರಣಿಗೇ ಮೋಸ ಮಾಡಿದ್ದಾಳೆ ಎಂದ. ನ್ಯಾಯಾಧೀಶರು ಅವನನ್ನು ಒಂದೇ ಪ್ರಶ್ನೆ ಕೇಳಿದರು: “ಏಳು ತಿಂಗಳು ಈ ಮಗೂನ ನೀವು ಕಣ್ಣಾರೆ ನೋಡಿರಲಿಲ್ಲವಾ?” ಅವನು ತನ್ನ ವಕೀಲನ ಮುಖ ನೋಡಿದ. ಇದನ್ನೆಲ್ಲ ಬರೆದುಕೊಂಡರು. ಗಿರಣಿಯಲ್ಲಿರುವ ಪ್ರತಿ ಮಗುವಿನ ಕಾಗದವನ್ನೂ ಚರ್ಚಿನ ದಫ್ತರದ ಜೊತೆ ಹೋಲಿಸಿ ನೋಡಬೇಕೆಂದು ಅಲ್ಲೇ ಆಜ್ಞೆಯಾಯಿತು.

ನೀನು ಕೆಲಸ ಮಾಡುವ ಜಾಗದಲ್ಲಿ ಇದನ್ನು ಗೆಲುವು ಎನ್ನುತ್ತಾರೇನೋ. ಇಲ್ಲಿ ಹೇಗಿದೆ ಕೇಳು. ಇವತ್ತು ಬೆಳಿಗ್ಗೆ ಗಿರಣಿಯವರು ತಾವಾಗಿಯೇ ಇಪ್ಪತ್ತಮೂರು ಮಕ್ಕಳನ್ನು ಗೇಟಿನಿಂದ ವಾಪಸು ಕಳಿಸಿದರು. ಬೋರ್ಕಾಳ ಇಬ್ಬರೂ ಅದರಲ್ಲಿದ್ದರು. ಅವಳು ನಮ್ಮ ಮೆಟ್ಟಿಲ ಮೇಲೆ ಬೂದಿನೀರು ಸುರಿದು, “ನಿನ್ನ ಮಗಳು ಬದುಕಿ ಬಂದ್ಲು ಅಂತ ನನ್ನ ಮಕ್ಕಳ ತಟ್ಟೆ ಕಿತ್ಕೊಂಡ್ಯಲ್ಲೇ! ಒಂದು ದಿನ ಮುಂಚೆ ಹೇಳಿದ್ರೆ ನಾನು ಬೇರೆ ಏನಾದ್ರೂ ನೋಡ್ಕೋತಿರಲಿಲ್ವಾ?” ಎಂದಳು. ಹತ್ತು ವರ್ಷಗಳ ಗೆಳೆತನ. ಒಂದು ದಿನ ಮುಂಚೆ ನನಗೇ ಗೊತ್ತಿರಲಿಲ್ಲ ಎಂದರೆ ಅವಳು ನಂಬುತ್ತಿದ್ದಳೇ?

ಎತೆಲಾಳಿಗೂ ನನ್ನ ಮೇಲೆ ಸಿಟ್ಟು. ಮನೆಗೆ ಬರುವ ದಾರಿಯಲ್ಲಿ ಕೈ ಹಿಡಿಯಲಿಲ್ಲ. “ನನ್ನ ಸಾಲು ಈಗ ಯಾರಿಗೆ ಕೊಡ್ತಾರೆ? ನನ್ನಷ್ಟು ಸಣ್ಣ ಗಂಟು ಹಾಕೋಕೆ ಯಾರಿಗೂ ಬರಲ್ಲ, ಗೊತ್ತಾ ನಿಂಗೆ?” ಎಂದಳು. ಮನೆಗೆ ಬಂದವಳು ಬೂಟು ಬಿಚ್ಚದೆ ಮಲಗಿದಳು. ಇವತ್ತು ಹತ್ತು ಗಂಟೆಯವರೆಗೂ ಎಬ್ಬಿಸಲಿಲ್ಲ. ಇಷ್ಟು ಹೊತ್ತು ಅವಳು ಮಲಗಿದ್ದನ್ನು ನೋಡಿ ತಿಂಗಳುಗಳಾದವು. ಈಗ ಒಲೆಯ ಮುಂದೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದಾಳೆ. ಎತೆಲಾ ಎಂದರೆ ‘ಹಾಂ’ ಎನ್ನುತ್ತಾಳೆ, ಸ್ವಲ್ಪ ತಡೆದು.

ಆ ಚೀಟಿಯ ವಿಷಯ. ವಕೀಲರ ಕೈಯಲ್ಲಿದ್ದದ್ದು ಯಾರ ಅಕ್ಷರ ಎಂದು ನಾನು ಕೇಳುವುದಿಲ್ಲ. ನೀನೂ ಹೇಳಬೇಡ. ನೀನೇ ಬರೆದುಕೊಟ್ಟಿದ್ದರೆ ಅದನ್ನು ಬರೆಯುವ ಮುಂಚೆ ನನಗೆ ಪತ್ರ ಹಾಕಿ ಎರಡು ತಿಂಗಳು ಕಾದೆ ಎಂಬುದು ನನಗೆ ಸಾಕು.

ಸೋಮವಾರ ನನ್ನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ನಿಮ್ಮ ವಕೀಲರು ಮಾತಾಡುತ್ತೇನೆ ಎಂದಿದ್ದಾರೆ. ಬರಿಯ ಎಚ್ಚರಿಕೆ ಕೊಟ್ಟು ಬಿಡಬಹುದು, ಇಲ್ಲವೇ ಮೂರು ತಿಂಗಳಾಗಬಹುದು ಎನ್ನುತ್ತಾರೆ. ನನಗೆ ಅದರ ಭಯವಿಲ್ಲ ಎಂದರೆ ನೀನು ನಂಬಬೇಡ. ಆದರೆ ನಾನು ಕೇಳುವುದು ಬೇರೆ. ಶನಿವಾರದ ರೈಲಿಗೆ ಬಾ. ಬಂದು ತಂಗಿಯನ್ನು ಕರೆದುಕೊಂಡು ಹೋಗು. ಅವಳನ್ನು ಯಾವ ಆಶ್ರಮಕ್ಕೂ ಕೊಡಬೇಡ. ಶಾಲೆಗೆ ಹಾಕು. ಹತ್ತು ವರ್ಷದವಳನ್ನು ಪುಟ್ಟ ಮಕ್ಕಳ ಜೊತೆ ಕೂರಿಸಿದರೆ ನಾಚಿಕೊಳ್ಳುತ್ತಾಳೆ, ಮೊದಲು ಮನೆಯಲ್ಲಿ ನೀನೇ ಅಕ್ಷರ ಕಲಿಸು. ಐದು ವರ್ಷದ ಹಿಂದೆ, ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ ಎಂದು ನೀನು ಹೇಳಿ ಹೋದದ್ದು ನನಗೆ ಮರೆತಿಲ್ಲ. ನಿನ್ನನ್ನು ಒಂಬತ್ತನೇ ವಯಸ್ಸಿಗೆ ಗಿರಣಿಗೆ ಮಾರಿದ ಅಪ್ಪನ ಮನೆ ಇದು ಎಂದಿದ್ದೆ ನೀನು. ಅವರನ್ನು ಮಣ್ಣಿಗಿಡುವಾಗಲೂ ಬರಲಿಲ್ಲ. ಹೊಸ್ತಿಲು ತುಳಿಯುವುದು ಬೇಡ. ಸ್ಟೇಷನ್ನಿಗೆ ನಾನೇ ಅವಳನ್ನು ಕರೆತರುತ್ತೇನೆ.

ನಿನ್ನ ದಾರಿ ನೋಡುತ್ತಿರುವ,
ಅಮ್ಮ
ಜುಜಾನಾ

ಮರೆತದ್ದು: ಮರೆತದ್ದು ಎಂದು ಬರೆದೆ, ಮರೆತದ್ದಲ್ಲ. ಮೂರು ಸಲ ಪತ್ರದೊಳಗೆ ಬರೆಯಹೊರಟು ಹಾಳೆ ಹರಿದೆ. ತೊಂಬತ್ತಮೂರರಲ್ಲಿ ನಿನ್ನನ್ನು ಗಿರಣಿಗೆ ಸೇರಿಸಿದ ಕಾಗದದ ಮೇಲೆ, ಅಪ್ಪನ ರುಜುವಿನ ಬದಲು ಒಂದು ಶಿಲುಬೆ ಇತ್ತಲ್ಲ, ಅದನ್ನು ಹಾಕಿದವಳು ನಾನು. ನಿಮ್ಮಪ್ಪ ಆಗ ಊರಲ್ಲೇ ಇರಲಿಲ್ಲ. ಮುಷ್ಕರದಿಂದ ಕೆಲಸ ಹೋಗಿ ಬೇರೆ ಗಣಿಗಳಲ್ಲಿ ವಿಚಾರಿಸಿಕೊಂಡು ಬರಲು ಹೋಗಿದ್ದರು. ಅವರಿಗೆ ಹೆಸರು ಬರೆಯಲು ಬರುತ್ತಿರಲಿಲ್ಲವೆಂದು ನಾನು ನನ್ನ ಹೆಸರು ಬರೆಯದೆ ಶಿಲುಬೆ ಎಳೆದೆ. ತಿರುಗಿ ಬಂದು ತಿಳಿದಾಗ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನೀನು ದೊಡ್ಡವಳಾಗಿ ಕೇಳಿದಾಗ, “ಹೌದು, ನಾನೇ ಹಾಕಿದ್ದು” ಎಂದರು. ನೀನು ಹೊರಗೆ ಹೋದಮೇಲೆ ಯಾಕೆ ಹಾಗೆಂದಿರಿ ಎಂದು ಕೇಳಿದೆ. “ನಾನು ದಿನವೆಲ್ಲಾ ನೆಲದೊಳಗಿರೋನು. ನನ್ನ ಮೇಲೆ ಸಿಟ್ಟಿದ್ರೆ ನಡೆಯುತ್ತೆ. ನಿನ್ನ ಮೇಲೆ ಸಿಟ್ಟು ಮಾಡ್ಕೊಂಡ್ರೆ ಆ ಹುಡುಗಿಗೆ ಮನೇಲಿ ಇನ್ಯಾರಿರ್ತಾರೆ?” ಎಂದರು. ನಾನು ಸುಮ್ಮನಿದ್ದೆ. ನೀನು ಪೆಟ್ಟಿಗೆ ಎತ್ತಿಕೊಂಡು ಹೊರಟ ದಿನವೂ ಅವರು ಬಾಗಿಲಲ್ಲಿ ನಿಂತಿದ್ದರು, ನಾನು ಸುಮ್ಮನಿದ್ದೆ.