ಬಾಗಿಲ ಮೇಲಿನ ‘ತೂರಿಕೋ’

ಮುಚ್ಚುಗದ್ದೆ, ಗಾಜು ಹೊದಿಸಿದ ಮುನ್ನೂರನೆಯ ವರ್ಷ, ಹದಿಮೂರನೆಯ ತಿಂಗಳ ಕೊನೆ.

ಮುನ್ನೂರು ವರ್ಷಗಳ ಹಿಂದೆ ಗಾಜಿನ ಊರು ಕಟ್ಟಲು ಹೊರಟಿರುವ ಹಿರಿಯರಿಗೆ ಹುಲಿಗೆವ್ವನ ಶರಣು.

ನನ್ನ ಕನ್ನಡ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮದು ನಮಗೆ ಇನ್ನೂ ವಿಚಿತ್ರ. ನಮಗೆ ಈ ಗತಿ ಬಂದದ್ದೇ ಅದರಿಂದ.

ಮುಚ್ಚುಗದ್ದೆ ಎಂದರೆ ನಮ್ಮ ಊರು: ಮೇಲೆ ಗಾಜು, ಕೆಳಗೆ ಭತ್ತ, ಬದುವಿನ ಮೇಲೆ ನಾವು. ಧೂಳುಗಾಳಿಯ ದಿನಗಳಿಗೆಂದು ನೀವು ಕಟ್ಟಿದ್ದು. ಒಳಗೆ ಒಂದು ಎಲೆಯೂ ಅಲುಗುವುದಿಲ್ಲ. ಅಲುಗದ ಭತ್ತ ಎತ್ತರಕ್ಕೇನೋ ಬೆಳೆಯುತ್ತದೆ, ದಂಟು ಮಾತ್ರ ಸಣಕಲು. ತೆನೆ ತೂಗಿದೊಡನೆ ಮಕಾಡೆ ಮಲಗುತ್ತದೆ. ಅದಕ್ಕೇ ನಮ್ಮಲ್ಲಿ ‘ಅಲುಗುಪಾಳಿ’ ಇದೆ. ಬೆಳಿಗ್ಗೆ ಇಬ್ಬರು ಎದುರುಬದುರು ಬದುಗಳಲ್ಲಿ ಹಗ್ಗ ಹಿಡಿದು, ಪೈರಿನ ತಲೆ ಸವರುತ್ತಾ ನಡೆಯುತ್ತೇವೆ. ಬಗ್ಗಿ ಎದ್ದ ದಂಟು ಗಟ್ಟಿಯಾಗುತ್ತದೆ. ಆದರೆ ಹಗ್ಗ ಎಷ್ಟೆಂದರೂ ಹಗ್ಗವೇ. ಒಂದೇ ಕಡೆಗೆ ಬಗ್ಗಿಸುತ್ತದೆ, ಪಾಳಿ ಮುಗಿದರೆ ಮೂಲೆ ಸೇರುತ್ತದೆ. ಈ ಸಲವೂ ಬೆಳೆ ನೀರಿಗೆ ಬಿದ್ದು ತೆನೆಯಲ್ಲೇ ಮೊಳಕೆ ಬಂದಿದೆ. ಮಗಳು ದುರುಗಿ ಗಂಜಿಯ ತಿಳಿ ಕುಡಿದು ಮಲಗುತ್ತಾಳೆ.

ಬಾಗಿಲಿದೆ. ಅದರ ಮೇಲೆ ನೀವೇ ಕೆತ್ತಿಸಿದ ಮಾತಿದೆ: ‘ಗಾಳಿ ಬಂದಾಗ ತೂರಿಕೋ.’ ಗಾಳಿ ಬಂದರೆ ಒಳಗೆ ತೂರಿಕೊಂಡು ಬಾಗಿಲು ಹಾಕು ಎಂದೇ ನಾವೆಲ್ಲ ತಿಳಿದೆವು. ಹೊರಗೆ ಗಾಳಿ ನಿಲ್ಲುವುದೂ ಇಲ್ಲ, ಬಾಗಿಲು ತೆರೆಯುವುದೂ ಇಲ್ಲ.

ಒಂದು ಮೂಲೆಯಲ್ಲಿ ಗಾಜು ಸೀಳಿತ್ತು. ಅದರೆದುರಿನ ಹಿಡಿಯಷ್ಟು ಪೈರು ಮಾತ್ರ ಗಿಡ್ಡಗೆ, ದಪ್ಪ ದಂಟಿನಿಂದ, ತುಂಬಿದ ತೆನೆ ಹೊತ್ತು ನಿಂತಿತ್ತು. ಗಾಳಿಗೆ ಬಾಗುತ್ತಿತ್ತು, ಮತ್ತೆ ಏಳುತ್ತಿತ್ತು. ದುರುಗಿ ಅಲ್ಲೇ ಆಡಿಕೊಂಡಿದ್ದವಳು, ಧೂಳಿಗೆ ಒಂದು ಕೆಮ್ಮೂ ಬರಲಿಲ್ಲ. ಹೋದ ತಿಂಗಳು ಆ ಭತ್ತವನ್ನು ಅಂಗೈಯಲ್ಲಿ ಉಜ್ಜಿ ಮೇಲಕ್ಕೆ ಎಸೆದಳು. ಜೊಳ್ಳು ಹಾರಿಹೋಯಿತು, ಕಾಳು ಅವಳ ಕಾಲ ಬಳಿ ಬಿತ್ತು. ನಾವು ಜೊಳ್ಳನ್ನು ನೀರಿನಲ್ಲಿ ತೇಲಿಸಿ ತೆಗೆಯುವವರು. ತೂರುವುದೆಂದರೆ ಇದು ಎಂದು ನನಗೆ ಆಗ ಹೊಳೆಯಿತು. ಗಾಳಿಗೆ ಎದುರು ನಿಂತು ಕಾಳು ಹಸನು ಮಾಡಿಕೊಳ್ಳಿ ಎಂದವರ ಮಾತು ಹಿಡಿದು ನಾವು ಅಡಗಿ ಕೂತಿದ್ದೇವೆ.

ಬಾಗಿಲು ಕಾಯುವ ಯಮನೂರಪ್ಪಜ್ಜನಿಗೆ ಓಡಿಹೋಗಿ ಹೇಳಿದೆ.

“ಹಿರ್ಯಾರ ಮಾತಿಗೆ ಬ್ಯಾರೆ ಅರ್ಥ ಹಚ್ಚಬ್ಯಾಡವ್ವ. ಬಾಗಿಲಾ ತಗದು ಊರು ಹಾಳಾದ್ರ ಯಾರು ಹೊಣಿ?” ಎಂದರು.

“ಮುಚ್ಚಿಕೊಂಡೂ ಹಾಳಾಗಾಕತ್ತೇತಲ್ಲ, ಅಜ್ಜ,” ಎಂದೆ.

ಸಂಜೆಯೊಳಗೆ ಆ ಸೀಳಿಗೂ ಅಂಟು ಮೆತ್ತಿಸಿಬಿಟ್ಟರು. ಅಲ್ಲಿ ಕೊಯ್ದ ಮೇಲೆ ಮತ್ತೆ ಚಿಗುರಿದ ಪೈರು ಈಗ ಸಣಕಲಾಗಿ ವಾಲುತ್ತಿದೆ.

ನೀವು ಆ ಬಾಗಿಲನ್ನು ಇನ್ನೂ ಕೆತ್ತಿಸಿಲ್ಲವಾದರೆ ಒಂದು ಬೇಡಿಕೆ. ಮಾತಿನ ಪಕ್ಕದಲ್ಲಿ, ಮೊರ ಎತ್ತಿ ಹಿಡಿದ ಒಬ್ಬ ಹೆಂಗಸನ್ನೂ ಹಾರುವ ಜೊಳ್ಳನ್ನೂ ಬಿಡಿಸಿ. ದೊಡ್ಡ ಕೆಲಸವೇನಲ್ಲ.

ದುರುಗಿ ಇವತ್ತೂ ಆ ಅಂಟಿಗೆ ಮುಖ ಒತ್ತಿ ಕೂತಿದ್ದಾಳೆ. ಗಾಳಿ ಯಾವಾಗ ಬರುತ್ತದೆ ಎಂದು ಕೇಳುತ್ತಾಳೆ. ನೀವು ಕೆತ್ತಿಸಿದ ಮೇಲೆ ಎಂದಿದ್ದೇನೆ.