ಹನ್ನೆರಡು ವೋಲ್ಟಿನ ದೀಪಗಳು

ಮಗಳೇ,

ಮೋಟಾರು ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ, ಅದು ನಿನಗೇ ಗೊತ್ತು. ಆದರೂ ನಿಮ್ಮಪ್ಪನ ಹಳೇ ಕಾರಿಗೆ ನಾನು ಹಾಕಿಸಿದ ಇಂಡಿಕೇಟರುಗಳು ಮಿಣುಕುಹುಳದಷ್ಟೂ ಉರಿಯುತ್ತಿಲ್ಲ. ಗಾಡಿಯದು ಆರು ವೋಲ್ಟಿನ ಬ್ಯಾಟರಿಯಂತೆ. ನಾನು ಆರಿಸಿ ತಂದದ್ದು ಹಿತ್ತಾಳೆ ಅಂಚಿನ, ಹನ್ನೆರಡು ವೋಲ್ಟಿನ ದೀಪ. ಅಂಗಡಿಯವನು ಎಷ್ಟು ವೋಲ್ಟು ಅಂತ ಕೇಳಿದ್ದ. "ನನಗೇ ಪಾಠ ಹೇಳ್ತೀಯೇನಯ್ಯಾ?" ಅಂದುಬಿಟ್ಟೆ. ಈಗ ವಾಪಸ್ ತಗೊಳ್ಳುವುದಿಲ್ಲವಂತೆ.

ಶುಕ್ರವಾರ ತಪಾಸಣೆ ಇದೆ, ಫೇಲಾದರೆ ಗಾಡಿ ಗುಜರಿಗೆ ಹೋಗುತ್ತದೆ. ಶನಿವಾರ ಆಸ್ಪತ್ರೆಯಿಂದ ಅದರಲ್ಲೇ ಮನೆಗೆ ಬರುತ್ತೇನೆಂದು ನಿಮ್ಮಪ್ಪ ಹಟ ಹಿಡಿದು ಕೂತಿದ್ದಾರೆ. ನಿನ್ನ ಕಾಲಿಗೆ ಬೀಳುತ್ತೇನೆ, ನಿನ್ನ ಗ್ಯಾರೇಜಿನಿಂದ ಆರು ವೋಲ್ಟಿನ ನಾಲ್ಕು ಬಲ್ಬು, ಅವನ್ನು ಮಿಟುಕಿಸುವ ಒಂದು ಫ್ಲ್ಯಾಷರು ಹಿಡಿದು ಕೂಡಲೇ ಬಾ.

ನಿಮ್ಮಮ್ಮ ಕೇಳಿದರೆ ಮಾವನಿಗೆ ಎರಡು ಸಾವಿರ ಹೋಯಿತು ಅನ್ನು. ನಿನ್ನ ಹತ್ತಿರ ಸುಳ್ಳೇಕೆ, ಹೋದದ್ದು ಇಪ್ಪತ್ಮೂರು ಸಾವಿರದ ನಾನೂರು.

ಇಂತಿ ತಲೆ ತಗ್ಗಿಸಿ ಕೂತಿರುವ,
ನಿನ್ನ ಸೋದರಮಾವ