ಕುಚ್ಚು ಕಟ್ಟಿದ ಬುಟ್ಟಿ

ಆವರಗೆರೆ, ದಾವಣಗೆರೆ
20-8-2024, ಮಂಗಳವಾರ ಮಧ್ಯಾಹ್ನ

ಚಿರಂಜೀವಿ ಸುಧಾಳಿಗೆ,

ನಿನ್ನ ಅತ್ತೆ ಗಿರಿಯಮ್ಮನ ತುಂಬು ಮನಸ್ಸಿನ ಆಶೀರ್ವಾದ. ಹೇಗಿದ್ದೀಯಮ್ಮ? ಕಾಲಿನ ಬೊಬ್ಬೆ ಒಣಗಿತೇ? ಬೂಟಿನೊಳಗೆ ಹತ್ತಿ ಇಟ್ಟುಕೋ ಎಂದಿದ್ದೆ, ಇಟ್ಟುಕೊಂಡೆಯೋ ಇಲ್ಲವೋ. ಬೆಳಗಿನ ಓಟ ಮುಗಿಸಿ ಬಂದು ಖಾಲಿ ಹೊಟ್ಟೆಗೆ ಚಹಾ ಕುಡಿಯಬೇಡ, ಎರಡು ಬಿಸ್ಕತ್ತಾದರೂ ತಿನ್ನು. ಕಲಬುರಗಿಯ ನೀರು ಈಗಲಾದರೂ ಒಗ್ಗಿದೆಯೇ? ನಮ್ಮ ಮನೆಯಲ್ಲಿ ಪೊಲೀಸ್ ಆಗುತ್ತಿರುವವಳು ನೀನೇ ಮೊದಲು. ಇನ್ನು ನಾಲ್ಕು ತಿಂಗಳು, ಹಲ್ಲು ಕಚ್ಚಿ ಮುಗಿಸಿಬಿಡು.

ಓದುತ್ತಾ ಗಾಬರಿಯಾಗಬೇಡ, ಮೊದಲೇ ಹೇಳಿಬಿಡುತ್ತೇನೆ. ನಿನ್ನ ಮಗಳು ಅಂಕಿತಾ ಚೆನ್ನಾಗಿದ್ದಾಳೆ. ಊಟ ಮಾಡಿ ಇಲ್ಲೇ ನನ್ನ ಮಗ್ಗುಲಲ್ಲಿ ಮಲಗಿದ್ದಾಳೆ. ಅವಳ ಉಸಿರಾಟ ಕೇಳುತ್ತಲೇ ಬರೆಯುತ್ತಿದ್ದೇನೆ. ಭಾನುವಾರ ನೀನು ಫೋನ್ ಮಾಡಿದಾಗ "ಸೈಕಲ್ಲಿಂದ ಸ್ವಲ್ಪ ಬಿದ್ದಳು, ನಾಯಿ ಅಡ್ಡ ಬಂತು" ಎಂದೆನಲ್ಲ, ಅದು ನಿಜವಲ್ಲ. ನಿನಗೆ ಸಿಗುವುದೇ ವಾರಕ್ಕೆ ಹತ್ತು ನಿಮಿಷದ ಫೋನು. ಮಗು ಪಕ್ಕದಲ್ಲೇ ಕೂತು ನನ್ನ ಬಾಯಿಯನ್ನೇ ನೋಡುತ್ತಿತ್ತು. ಧೈರ್ಯ ಬರಲಿಲ್ಲ. ಈಗಲೂ ಇಲ್ಲ. ಆದರೂ ಬರೆಯುತ್ತೇನೆ.

ನೀನು ಹೊರಡುವ ಮುಂಚೆ ಬಡೇಸಾಬಣ್ಣನ ಅಂಗಡಿಯಲ್ಲಿ ಕೊಡಿಸಿದ ಹಳೇ ಸೈಕಲ್ಲಿಗೆ ಮುಂದೆ ಕಬ್ಬಿಣದ ಬುಟ್ಟಿ ಇತ್ತಲ್ಲ, ಅದು ತುಕ್ಕು ಹಿಡಿದು ತಂತಿ ಎದ್ದು ಅವಳ ಯೂನಿಫಾರಂ ಎರಡು ಸಲ ಹರಿಯಿತು. ಬಡೇಸಾಬಣ್ಣ ಅದನ್ನು ಬಿಚ್ಚಿ ಕೈಗೆ ಕೊಟ್ಟ. ಅಂಗಡಿಯಲ್ಲಿ ಹೊಸದು ತರಬಹುದಿತ್ತು. ಆದರೆ ಅಂಕಿತಾ "ಅಜ್ಜಿ, ನೀನೇ ಹೊಲಿದುಕೊಡು, ನಮ್ ಶಾಲಿಯಾಗ ಯಾರ ಹತ್ರಾನೂ ಇರಬಾರ್ದು ಅಂಥದ್ದು" ಎಂದಳು. ನನಗೂ ಆಸೆಯಾಯಿತು. ಲತಾಳ ಟೈಲರಿಂಗ್ ಅಂಗಡಿಯಲ್ಲಿ ದಿನವೂ ಊರವರ ಸೀರೆಗಳಿಗೆ ಫಾಲ್ ಹಚ್ಚಿ ಕುಚ್ಚು ಕಟ್ಟುವ ಕೈ ಇದು. ನನ್ನ ಮೊಮ್ಮಗಳಿಗೆ ಅಂತ ಏನೂ ಮಾಡಿರಲಿಲ್ಲ.

ಹಳೇ ಬುಟ್ಟಿಯನ್ನು ಪೇಪರಿನ ಮೇಲೆ ಇಟ್ಟು ಅಳತೆ ಕತ್ತರಿಸಿದೆ. ಒಳಗೆ ಮಳೆಗೆ ನೆನೆಯದಿರಲಿ ಎಂದು ನಿನ್ನ ಹರಿದ ರೇನ್‌ಕೋಟಿನ ಬಟ್ಟೆ, ನಡುವೆ ಗಟ್ಟಿಯಾಗಿ ನಿಲ್ಲಲು ಅಕ್ಕಿ ಚೀಲ, ಹೊರಗೆ ಲತಾ ಕೊಟ್ಟ ಬ್ಲೌಸ್ ಪೀಸಿನ ತುಂಡುಗಳು. ಕೆಂಪು, ಗಿಳಿ ಹಸಿರು, ಅರಿಶಿನ, ನೇರಳೆ. ಕೌದಿ ಹೊಲಿಯುವ ಹಾಗೆಯೇ ಮೂರೂ ಪದರ ಸೇರಿಸಿ ಉದ್ದಕ್ಕೆ ಸಾಲು ಹೊಲಿಗೆ ಹಾಕಿದೆ. ಅಂಕಿತಾ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದಳು, ಒಂದೇ ಸಲಕ್ಕೆ ಹತ್ತು ಸೂಜಿ. ಬಾಯಿ ದುಂಡಗೆ ನಿಲ್ಲಬೇಕಲ್ಲ, ಹಳೇ ಮೊರದ ಬಿದಿರ ಪಟ್ಟಿಯನ್ನು ಅಂಚಿನೊಳಗೆ ತೂರಿಸಿದೆ. ಹ್ಯಾಂಡಲ್ಲಿಗೆ ಎರಡು ಪಟ್ಟಿ, ಕೆಳಗೊಂದು ಪಟ್ಟಿ, ಪ್ಯಾಂಟಿನ ಗುಂಡಿ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಪತ್ರವೇ ಬೇಕಾಗಿರಲಿಲ್ಲ.

ರಾಜಕುಮಾರ ಹೋದ ದಿನ ಆ ಲಾರಿಯವನು ಠಾಣೆಯಲ್ಲಿ ಏನು ಹೇಳಿದ ಎಂಬುದು ನಿನಗೂ ಗೊತ್ತು. "ಬೈಕ್ ಕಾಣ್ಲೇ ಇಲ್ಲ ಸಾರ್" ಎಂದ. ನನ್ನ ಆರಡಿ ಮಗ ಹರಿಹರದ ರಸ್ತೆಯಲ್ಲಿ ಹಾಡುಹಗಲು ಒಬ್ಬನಿಗೆ ಕಾಣಲಿಲ್ಲ. ಮೂರು ವರ್ಷದಿಂದ ಆ ಮಾತು ನನ್ನ ಕಿವಿ ಬಿಟ್ಟು ಹೋಗಿಲ್ಲ. ಅಂಕಿತಾ ಸೈಕಲ್ ತುಳಿದುಕೊಂಡು ತಿರುವು ದಾಟಿದ ಕೂಡಲೇ ನನಗೆ ಅದೇ ಕೇಳುತ್ತಿತ್ತು. ಇಷ್ಟುದ್ದದ ಹುಡುಗಿ, ಅಷ್ಟೆತ್ತರದ ಬಸ್ಸುಗಳು. ಅದಕ್ಕೇ ಬುಟ್ಟಿ ದೂರದಿಂದ ಕಣ್ಣಿಗೆ ಹೊಡೆಯಬೇಕು ಎಂದು ಹಠ ಹಿಡಿದೆ. ಮಂಡಿಪೇಟೆಯಿಂದ ಕನ್ನಡಿ ಬಿಲ್ಲೆ ತಂದು ಸುತ್ತಲೂ ಹೊಲಿದೆ. ಕೆಳಗಿನ ಅಂಚಿಗೆ ರೇಷ್ಮೆ ದಾರದ ಕುಚ್ಚು ಕಟ್ಟಿದೆ, ಸೀರೆಗೆ ಕಟ್ಟುವ ಹಾಗೆ ಸಣ್ಣದಲ್ಲ, ಗೇಣುದ್ದ. ಗಾಳಿಗೆ ಹಾರಾಡಿದರೆ ಎಂಥ ಡ್ರೈವರನಿಗೂ ಕಾಣಬೇಕು ಎಂದು.

ಬುಟ್ಟಿ ಕೂರಿಸುವಾಗ ಬಡೇಸಾಬಣ್ಣ ಹೇಳಿದ್ದ: "ಭಾಳ ಚೆಂದ ಐತೆ ಕಣಮ್ಮ, ಆದ್ರೆ ಈ ಕುಚ್ಚು ಗಾಲಿಗೆ ಹತ್ರ ಬರ್ತೈತೆ. ಸ್ವಲ್ಪ ಕತ್ರಿಸ್ಲಾ?" ನಾನು ಬಿಡಲಿಲ್ಲ. "ನಾಲ್ಕು ಬೆರಳು ಅಂತರ ಐತೆ, ಕತ್ರಿ ಹಚ್ಚಬ್ಯಾಡ" ಎಂದೆ. ಖಾಲಿ ಬುಟ್ಟಿ ನೋಡಿ ಹೇಳಿದ ಮಾತು ಅದು. ಪುಸ್ತಕದ ಭಾರ ಬಿದ್ದರೆ ಬಟ್ಟೆ ಜಗ್ಗುತ್ತದೆ ಎಂಬುದು ನಲವತ್ತು ವರ್ಷ ಹೊಲಿದವಳಿಗೆ ತಿಳಿಯಬೇಡವೇ?

ಹದಿನಾಲ್ಕನೇ ತಾರೀಕು, ಬುಧವಾರ. ಮರುದಿನದ ಧ್ವಜ ವಂದನೆಗೆ ಕವಾಯತು ಕಲಿಸಿ ಬಿಟ್ಟಿದ್ದರಂತೆ. ಬುಟ್ಟಿಯ ತುಂಬ ಪುಸ್ತಕ, ನೀರಿನ ಬಾಟಲಿ, ಕವಾಯತಿನ ಬಿಳಿ ಬಟ್ಟೆ. ನಾನು ಲತಾಳ ಅಂಗಡಿಯಲ್ಲಿ ಹಬ್ಬದ ಸೀರೆಗಳ ಕೆಲಸದಲ್ಲಿದ್ದೆ. ನಾಲ್ಕೂವರೆಗೆ ಫೋನ್ ಬಂತು, ಗುರುತಿಲ್ಲದ ದನಿ. "ಅಜ್ಜಿ, ನಿಮ್ ಹುಡುಗಿ ಸೈಕಲ್ ಮ್ಯಾಲಿಂದ ಬಿದ್ದಾಳೆ. ಮಾತಾಡ್ತಾಳೆ, ಗಾಬ್ರಿ ಆಗಬ್ಯಾಡ್ರಿ. ದೊಡ್ಡಾಸ್ಪತ್ರಿಗೆ ಬರ್ರಿ." ಸುಧಾ, ರಾಜಕುಮಾರನ ದಿನವೂ ಮೊದಲ ಫೋನಿನಲ್ಲಿ ಹೀಗೇ ಹೇಳಿದ್ದರು, "ಉಸಿರಾಡ್ತಾನೆ, ಬರ್ರಿ" ಎಂದು. ಲತಾ ಅಂಗಡಿಗೆ ಬೀಗವನ್ನೂ ಹಾಕದೆ ಸ್ಕೂಟಿಯಲ್ಲಿ ಕರೆದುಕೊಂಡು ಹೋದಳು. ದಾರಿಯಲ್ಲಿ ಎದುರಾದ ಪ್ರತಿಯೊಂದು ಲಾರಿಗೂ ನಾನು ಕಣ್ಣು ಮುಚ್ಚಿದೆ.

ಫೋನ್ ಮಾಡಿದವನು ಅಶ್ಫಾಕ್ ಎಂಬ ಲಗೇಜ್ ಆಟೋ ಹುಡುಗ. ಅಂಕಿತಾಳ ಹಿಂದೆ ಒಂದು ಬಸ್ಸು ಬರುತ್ತಿತ್ತಂತೆ, ಅದರ ಹಿಂದೆಯೇ ಅವನಿದ್ದನಂತೆ. ಸೈಕಲ್ಲಿನ ಮುಂದಿನ ಗಾಲಿ ಒಮ್ಮೆಲೇ ನಿಂತು ಅಂಕಿತಾ ಹ್ಯಾಂಡಲ್ ಮೇಲಿಂದ ಹಾರಿ ರಸ್ತೆಗೆ ಬಿದ್ದಳಂತೆ. ಬಸ್ಸಿನವನು ಬ್ರೇಕ್ ಒತ್ತಿದ. "ಒಂದ್ ಮಾರು ಇತ್ತು ಅಜ್ಜಿ, ಅಷ್ಟೇ" ಎಂದು ಎರಡು ಕೈ ಚಾಚಿ ತೋರಿಸಿದ. ಆ ಎರಡು ಕೈಗಳ ನಡುವಿನ ಜಾಗವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಈರುಳ್ಳಿ ಚೀಲಗಳನ್ನು ಅಲ್ಲೇ ಇಳಿಸಿ, ಮಗುವನ್ನು ಮಲಗಿಸಿಕೊಂಡು ಬಂದಿದ್ದಾನೆ, ಪುಣ್ಯಾತ್ಮ. ಅವನ ತಾಯಿಯ ಹೊಟ್ಟೆ ತಣ್ಣಗಿರಲಿ.

ಎಡ ಮುಂಗೈ ಮೂಳೆ ಬಿರುಕು ಬಿಟ್ಟಿತ್ತು. ಗದ್ದಕ್ಕೆ ನಾಲ್ಕು ಹೊಲಿಗೆ ಹಾಕಿದರು. ಅದಕ್ಕೆಲ್ಲ ನಾನು ಹೆದರಲಿಲ್ಲ. ಆದರೆ ಮಗು ಎರಡು ಸಲ ವಾಂತಿ ಮಾಡಿಕೊಂಡಿತು. ಡಾಕ್ಟರು "ತಲೆ ಸ್ಕ್ಯಾನ್ ಮಾಡೋಣ" ಎಂದರು. ಸ್ಟ್ರೆಚರ್ ಒಳಗೆ ಹೋಯಿತು, ಬಾಗಿಲು ಮುಚ್ಚಿತು. ನನ್ನ ಕೈಯಲ್ಲಿ ಅವಳ ಒಂದು ಶೂ ಇತ್ತು. ಇನ್ನೊಂದು ಎಲ್ಲಿ ಹೋಯಿತೋ. ಯಾವ ದೇವರಿಗೆ ಹರಕೆ ಹೊರಬೇಕು ಎಂದೂ ತೋಚಲಿಲ್ಲ. ನಿನ್ನ ಮುಖವೊಂದೇ ಎದುರಿಗೆ ಬಂತು. ಅಷ್ಟು ದೂರದ ಊರಿನಲ್ಲಿ ನೀನು ಸಾಲಿನಲ್ಲಿ ನಿಂತು ಸೆಲ್ಯೂಟ್ ಹೊಡೆಯುತ್ತಿರುತ್ತೀಯ, ಇಲ್ಲಿ ಯಾರೋ ಬಾಗಿಲು ತೆಗೆದು ಬಂದು ನನಗೊಂದು ಮಾತು ಹೇಳುತ್ತಾರೆ, ಆ ಮಾತನ್ನು ನಿನಗೆ ನಾನು ಹೇಗೆ ದಾಟಿಸಲಿ? ಅರ್ಧ ಗಂಟೆಯೋ ಒಂದು ಗಂಟೆಯೋ ಗೊತ್ತಿಲ್ಲ. ಕೊನೆಗೆ ಡಾಕ್ಟರು ಬಂದು "ತಲೆಗೇನೂ ಆಗಿಲ್ಲ ಅಮ್ಮ, ಎರಡು ದಿನ ಇಲ್ಲಿರಲಿ, ನೋಡಿ ಕಳಿಸ್ತೀವಿ" ಎಂದ ಮೇಲೆಯೇ ಕೈಯಲ್ಲಿದ್ದ ಶೂ ಕೆಳಗಿಟ್ಟೆ.

ಹೇಗೆ ಬಿದ್ದೆ ಪುಟ್ಟಿ ಎಂದು ಡಾಕ್ಟರು ಕೇಳಿದರು. "ನಾಯಿ ಅಡ್ಡ ಬಂತು. ಅಜ್ಜಿದೇನೂ ತಪ್ಪಿಲ್ಲ" ಎಂದಳು. ಅಜ್ಜಿಯ ತಪ್ಪು ಎಂದು ಅಲ್ಲಿ ಯಾರೂ ಅಂದಿರಲೇ ಇಲ್ಲ. ಆಗಲೇ ನನಗೆ ಹೊಳೆಯಬೇಕಿತ್ತು.

ನಿನ್ನ ಅಣ್ಣ ದಿನೇಶ ಹರಿಹರದಿಂದ ಲೇತ್ ಕೆಲಸದ ಎಣ್ಣೆಗೈಯಲ್ಲೇ ಓಡಿ ಬಂದ. ಮಗುವಿನ ತಲೆ ಸವರಿ ಹೊರಗೆ ಬಂದು ನನ್ನನ್ನು ಪಕ್ಕಕ್ಕೆ ಕರೆದ. "ಅಮ್ಮ, ಬ್ಯಾಸರ ಮಾಡ್ಕಬ್ಯಾಡ್ರಿ. ನಿಮ್ ಕೈಲಿ ಆಗಲ್ಲ. ಸುಧಾ ಬರೋತನಕ ಹುಡುಗಿ ನಮ್ಮನ್ಯಾಗ ಇರ್ಲಿ" ಎಂದ. ಮಾರ್ಚಿನಲ್ಲಿ ನೀನು ಹೊರಟಾಗಲೂ ಅವನು ಇದನ್ನೇ ಹೇಳಿದ್ದ. ಆಗ ನಾನು ಜಗಳವಾಡಿದ್ದೆ. ಈ ಸಲ ಜಗಳವಾಡಲಿಲ್ಲ. ಮಗನನ್ನು ಕಳೆದುಕೊಂಡೆ. ನೀನು ಕೆಲಸಕ್ಕೆಂದು ದೂರ ಹೋದೆ. ಈ ಮಗುವೂ ಹೋದರೆ ಆ ಮನೆಯಲ್ಲಿ ನನ್ನನ್ನು ಅಜ್ಜಿ ಎನ್ನುವವರು ಯಾರು? "ನಾಯಿ ಬಂದ್ರೆ ಯಾರೇನು ಮಾಡಾಕಾಗ್ತದಪ್ಪ" ಎಂದೆ. ದಿನೇಶ ಭಾನುವಾರ ಬಂದು ಮಾತಾಡುತ್ತೇನೆ ಎಂದು ಹೋದ.

ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬದ ದಿನ ಮನೆಗೆ ಕಳಿಸಿದರು. ಅಷ್ಟರಲ್ಲಿ ಅಶ್ಫಾಕ್ ಸೈಕಲ್ಲನ್ನು ತಂದು ಹಿತ್ತಲಲ್ಲಿ ಒರಗಿಸಿ ಹೋಗಿದ್ದ. ನಾನು ಆ ಕಡೆ ನೋಡಲೂ ಇಲ್ಲ. ಶನಿವಾರ ಪೂರ್ತಿ ಮಗು ಮಾತ್ರೆಯ ನಿದ್ದೆಯಲ್ಲಿತ್ತು. ಭಾನುವಾರ ಬೆಳಗ್ಗೆ ಎದ್ದು ಕೈಯಾಡಿಸಿದರೆ ಹಾಸಿಗೆ ಖಾಲಿ. ಹಿತ್ತಲಿಗೆ ಓಡಿದೆ.

ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಎಡಗೈ ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿ ಜೋತು ಬಿದ್ದಿತ್ತು. ಬಲಗೈಯಲ್ಲಿ ನನ್ನ ದೊಡ್ಡ ಕತ್ತರಿ. ಗಾಲಿಯ ನಡುವೆ, ಅಚ್ಚಿನ ಸುತ್ತ, ಕೆಂಪು ಹಸಿರು ರೇಷ್ಮೆ ನೂಲು ಗ್ರೀಸಿನೊಂದಿಗೆ ಸುತ್ತಿಕೊಂಡು ಕಲ್ಲಿನಂಥ ಗಂಟಾಗಿತ್ತು. ಅದನ್ನು ಒಂದೇ ಕೈಯಲ್ಲಿ ಚೂರುಚೂರಾಗಿ ಕತ್ತರಿಸಿ ಪಕ್ಕದ ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತಿದ್ದಳು.

"ಏನ್ ಮಾಡ್ತಿದಿಯೇ?" ಎಂದೆ.

"ಮಾಮ ಇವತ್ತು ಬರ್ತಾನಲ್ಲ ಅಜ್ಜಿ. ಇದನ್ನ ನೋಡಿದ್ರೆ ನನ್ನ ಕರ್ಕಂಡೇ ಹೋಗ್ತಾನೆ."

"ನಾಯಿ?"

ತಲೆ ತಗ್ಗಿಸಿದಳು. "ನಾಯಿ ಇರ್ಲಿಲ್ಲ. ಕುಚ್ಚು ಸಿಗಾಕ್ಕಂತು. ನೀನ್ ಯಾರಿಗೂ ಹೇಳಬ್ಯಾಡ. ನಾನೂ ಹೇಳಲ್ಲ, ಅಮ್ಮಂಗೂ ಹೇಳಲ್ಲ."

ಹನ್ನೊಂದು ವರ್ಷದ ಮಗು, ಮುರಿದ ಕೈಯಿಟ್ಟುಕೊಂಡು, ನಾನು ಮಾಡಿದ್ದನ್ನು ಮುಚ್ಚುತ್ತಿತ್ತು. ಅವಳು ಬಸ್ಸಿನ ಮುಂದೆ ಬಿದ್ದದ್ದಕ್ಕಿಂತ ನನಗೆ ಇದಕ್ಕೇ ಹೆಚ್ಚು ಹೆದರಿಕೆಯಾಯಿತು. ಅವಳ ಕೈಯಿಂದ ಕತ್ತರಿ ತೆಗೆದುಕೊಂಡೆ. ಉಳಿದ ನೂಲನ್ನು ನಾನೇ ಬಿಡಿಸಿದೆ. ಆದರೂ ಮಧ್ಯಾಹ್ನ ದಿನೇಶ ಬಂದಾಗ ನಿಜ ಹೇಳದೆ ಅವನೊಬ್ಬನನ್ನೇ ವಾಪಸ್ ಕಳಿಸಿದೆ. ಸಂಜೆ ನೀನು ಫೋನ್ ಮಾಡಿದಾಗ ನಾಯಿಯ ಕತೆಯನ್ನೇ ಹೇಳಿದೆ. ಅವಳು ನನ್ನ ಕಡೆ ನೋಡಿ ಸಣ್ಣಗೆ ನಕ್ಕಳು. ಆ ನಗು ನೋಡಿದ ಮೇಲೆ ಎರಡು ದಿನದಿಂದ ಅನ್ನ ಸೇರುತ್ತಿಲ್ಲ. ನನಗೋಸ್ಕರ ಅವಳು ಸುಳ್ಳು ಕಲಿಯುವುದು ಬೇಡ.

ಬೈಯುವುದಿದ್ದರೆ ನನ್ನನ್ನು ಬೈಯಿ. ಅವಳಿಗೆ ಒಂದು ಮಾತೂ ಅನ್ನಬೇಡ. ಓಡಿ ಬರಲೂ ಬೇಡ, ತರಬೇತಿ ಬಿಟ್ಟರೆ ಮತ್ತೆ ಸೇರಿಸಿಕೊಳ್ಳುವುದಿಲ್ಲ ಎಂದು ನೀನೇ ಹೇಳಿದ್ದೀಯ. ನಿನ್ನ ಕೋಣೆಯ ಹುಡುಗಿಯರಿಗೆಲ್ಲ ನನ್ನ ನೆನಪು ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಕಾಯಲಿ, ನೀನು ನಿನ್ನ ಮಗಳನ್ನು ಕಾಯುವ ಹಾಗಾಗಲಿ.

ನಿನ್ನ ಅತ್ತೆ,
ಗಿರಿಯಮ್ಮ

ತಾ.ಕ.: ಪತ್ರ ಮಡಚಿದ್ದೆ, ಮತ್ತೆ ಬಿಚ್ಚಿದೆ. ಅವಳು ಏಳುವ ಮುಂಚೆ ಇಷ್ಟು ಬರೆದುಬಿಡುತ್ತೇನೆ. ಯುಗಾದಿಯಿಂದ ನನ್ನ ಎಡಗಣ್ಣು ಮಂಜಾಗಿದೆ, ಬಲಗಣ್ಣೂ ಅಷ್ಟಕ್ಕಷ್ಟೆ. ಯಾರಿಗೂ ಹೇಳಿರಲಿಲ್ಲ. ಬಡೇಸಾಬಣ್ಣನಿಗೆ ಅಂತರ ಇದೆ ಎಂದದ್ದು ಅಂದಾಜಿನ ಮಾತು, ನನಗೆ ಕಂಡಿರಲಿಲ್ಲ. ನಿನ್ನೆ ಲತಾ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಪೊರೆಯಂತೆ. ಮುಂದಿನ ವಾರ ಗುರುವಾರ ಆಪರೇಷನ್. ಆಮೇಲೆ ಹದಿನೈದು ದಿನ ಒಲೆ ಮುಂದೆ ಕೂರುವಂತಿಲ್ಲ. ಇವತ್ತು ಬೆಳಗ್ಗೆ ದಿನೇಶನಿಗೆ ನಾನೇ ಫೋನ್ ಮಾಡಿ ಕುಚ್ಚು, ಕಣ್ಣು ಎಲ್ಲ ಹೇಳಿ, ಶನಿವಾರ ಬಂದು ಮಗುವನ್ನು ಹರಿಹರಕ್ಕೆ ಕರೆದುಕೊಂಡು ಹೋಗಪ್ಪ ಎಂದಿದ್ದೇನೆ. ಅವನು "ಆತು ಅಮ್ಮ" ಎಂದ, ಅಷ್ಟೇ. ಅಂಕಿತಾಳಿಗೆ ಇನ್ನೂ ಹೇಳಿಲ್ಲ, ಹೇಗೆ ಹೇಳಲಿ ಎಂದು ಭಯ. ಭಾನುವಾರ ನನಗೆ ಫೋನ್ ಮಾಡಬೇಡ, ದಿನೇಶನ ಫೋನಿಗೆ ಮಾಡು, ಹತ್ತು ನಿಮಿಷವೂ ಮಗುವಿನ ಜೊತೆ ಮಾತಾಡು. ಕೊನೆಯಲ್ಲಿ ಅರ್ಧ ನಿಮಿಷ ಉಳಿದರೆ, ನನ್ನ ಕಣ್ಣು ಬಂದ ಮೇಲೆ ಅವಳನ್ನು ವಾಪಸ್ ಕಳಿಸು ಎಂದು ನಿನ್ನ ಅಣ್ಣನಿಗೆ ನೀನೊಂದು ಮಾತು ಹೇಳಮ್ಮ. ನಾನು ಕೇಳಿದರೆ ಕೊಡುತ್ತಾನೋ ಇಲ್ಲವೋ.